ಒಂಬತ್ತು ದಿನದ ಹಿಂದಿನ ಮಳೆ

ಕಾಫಿ ಸೀಮೆಯಲ್ಲಿ ಮಳೆ ನಿಂತ ಮರುಗಳಿಗೆಗೆ ಟೆಲಿಫೋನು ಬಡಿದುಕೊಳ್ಳಲು ಶುರುವಾಗುತ್ತದೆ. "ನಿಮ್ಮಲ್ಲಿ ಎಷ್ಟು ಸೆಂಟು?" ನೂರು ಸೆಂಟಿಗೆ ಒಂದು ಇಂಚು. ಕೇಳಿದವರು ತಮ್ಮದನ್ನು ಮೊದಲು ಹೇಳುವುದಿಲ್ಲ. ಆಚೆಯವರು ಎಂಬತ್ತು ಅಂದರೆ, "ನಮ್ಮಲ್ಲಿ ತೊಂಬತ್ತೈದು ಚಿಲ್ಲರೆ" ಅನ್ನುತ್ತಾರೆ. ಆಚೆಯವರು ಮತ್ತೊಬ್ಬರಿಗೆ ಫೋನ್ ಮಾಡುವಾಗ ತಮ್ಮ ಎಂಬತ್ತನ್ನು ನೂರಾಹತ್ತು ಮಾಡಿಕೊಂಡಿರುತ್ತಾರೆ. ಹೀಗೆ ಮೂಡಿಗೆರೆಯಲ್ಲಿ ಬಿದ್ದ ಮುಕ್ಕಾಲು ಇಂಚು ಮಳೆ ಕಳಸ ಮುಟ್ಟುವ ಹೊತ್ತಿಗೆ ಎರಡು ಇಂಚಾಗಿರುತ್ತದೆ. ಇದನ್ನು ಯಾರೂ ಸುಳ್ಳು ಅಂತ ಕರೆಯುವುದಿಲ್ಲ.

ಈ ಆಟಕ್ಕೆ ಸೇರದ ಮನುಷ್ಯ ಆ ಸುತ್ತಿನಲ್ಲಿ ಒಬ್ಬರೇ ಇದ್ದರು. ಕಳಸದ ರಸ್ತೆಯಲ್ಲಿ ಹಳ್ಳದ ಸೇತುವೆ ದಾಟಿದ ಕೂಡಲೇ ಎಡಕ್ಕೆ ಸಿಗುವ ಹದಿನೆಂಟು ಎಕರೆ ತೋಟದ ಜಯದೇವಪ್ಪ. ಅವರ ಅಂಗಳದ ನಡುವೆ ಮಳೆ ಅಳೆಯುವ ತಾಮ್ರದ ಡಬ್ಬಿಯೊಂದಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ, ಅದರ ನೀರನ್ನು ಗಾಜಿನ ಜಾಡಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿ, ಪುಸ್ತಕದಲ್ಲಿ ಬರೆಯುತ್ತಿದ್ದರು. ಮಳೆ ಇಲ್ಲದ ದಿನ "ಇಲ್ಲ" ಅಂತ ಬರೆಯುತ್ತಿದ್ದರು. 1958ರಲ್ಲಿ ಅವರ ತಂದೆ ಶುರುಮಾಡಿದ ಪುಸ್ತಕ ಅದು. ಅದರಲ್ಲಿ ಒಂದು ಕಾಟು ಹೊಡೆದದ್ದಿಲ್ಲ, ಒಂದು ಅಂಕಿ ತಿದ್ದಿದ್ದಿಲ್ಲ.

ಊರಿನ ಅನೇಕ ತಕರಾರುಗಳು ಆ ಪುಸ್ತಕದ ಮುಂದೆ ಬಂದು ತೀರ್ಮಾನವಾಗುತ್ತಿದ್ದವು. ಅವರ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ತಿಮ್ಮಪ್ಪ ಮಗಳನ್ನು ಶಾಲೆಗೆ ಸೇರಿಸುವಾಗ ಅವಳು ಹುಟ್ಟಿದ ತಾರೀಕು ಯಾರಿಗೂ ನೆನಪಿರಲಿಲ್ಲ. "ಹಳ್ಳ ಉಕ್ಕಿ ಸೂಲಗಿತ್ತಿ ಆಚೆ ದಡದಲ್ಲೇ ಉಳಿದಿದ್ಲು" ಅಂತ ತಿಮ್ಮಪ್ಪನ ಹೆಂಡತಿ ಹೇಳಿದ್ದೇ ಸಾಕಾಯಿತು. ಜಯದೇವಪ್ಪ ಪುಸ್ತಕ ತಿರುವಿ ಹೇಳಿದರು: 1987ರ ಜುಲೈ 19, ಏಳು ಇಂಚು ನಾಲ್ಕು ಸೆಂಟು. ಹೆಡ್‌ಮಾಸ್ಟರು ಎರಡು ಮಾತಾಡದೆ ಬರೆದುಕೊಂಡರು.

ಹಳ್ಳದ ನೀರಿನ ಕರಾರನ್ನು ಬರೆದವರೂ ಅವರೇ. ಬೇಸಿಗೆಯಲ್ಲಿ ಹಳ್ಳದ ನೀರಿಗೆ ಮೂರು ತೋಟಗಳು ಕಾಯುತ್ತಿದ್ದವು. ಒಂದು ಅವರದು. ಇನ್ನೊಂದು ರಸ್ತೆಯಾಚೆ, ಅವರ ಹೆಂಡತಿ ಶಾಂತಕುಮಾರಿಯ ಚಿಕ್ಕಪ್ಪನ ಮಗ ವೀರೇಂದ್ರನದು. ಮೂರನೆಯದು ಹಳ್ಳದ ಕೆಳಗಡೆ, ತಂಗಮ್ಮನವರದು. ಅರವತ್ತು ದಾಟಿದ ತಂಗಮ್ಮ ಗಂಡ ತೀರಿಕೊಂಡ ಮೇಲೆ ತೋಟ ನೋಡಿಕೊಂಡು, ಜೀಪು ಓಡಿಸಿಕೊಂಡು ಇದ್ದವರು. ಜೀಪಿನ ಹಾರ್ನು ಕೆಟ್ಟು ವರ್ಷಗಳಾಗಿದ್ದವು. ಅವರ ಗಂಟಲು ಚೆನ್ನಾಗಿದ್ದುದರಿಂದ ರಿಪೇರಿ ಬೇಕಾಗಿರಲಿಲ್ಲ. ಕರಾರು ಇಷ್ಟೇ: ಶಿವರಾತ್ರಿಗೆ ಮೊದಲು ಯಾರೂ ಹಳ್ಳಕ್ಕೆ ಪಂಪ್ ಇಳಿಸಬಾರದು. ಇಳಿಸಿದವರು ಆ ವರ್ಷದ ನೀರಿನ ಸರದಿ ಬಿಟ್ಟುಕೊಡಬೇಕು. ಮೂವರೂ ಸಹಿ ಹಾಕಿದ್ದರು.

1998ರ ಫೆಬ್ರವರಿ ಆರು, ಶುಕ್ರವಾರ. ಜಯದೇವಪ್ಪ ಪುಸ್ತಕದಲ್ಲಿ "ಇಲ್ಲ" ಅಂತ ಬರೆದು ಮುಚ್ಚುವಷ್ಟರಲ್ಲಿ ಗೇಟಿನ ಹತ್ತಿರ ತಂಗಮ್ಮನವರ ಗಂಟಲು ಕೇಳಿಸಿತು. ಹೋಗಿ ನೋಡಿದರೆ ಜೀಪಿನಲ್ಲಿ ಪಕ್ಕಕ್ಕೆ ವೀರೇಂದ್ರನೂ ಇದ್ದ.

"ಜಯದೇವಪ್ಪನೋರೆ, ಇವತ್ತು ಎಷ್ಟನೇ ತಾರೀಕು?"

"ಆರು."

"ಒಂಬತ್ತು ದಿನ ಹಿಂದಕ್ಕೆ ಹೋದ್ರೆ?"

"ಜನವರಿ ಇಪ್ಪತ್ತೆಂಟು."

"ಅವತ್ತು ನಿಮ್ಮಲ್ಲಿ ಎಷ್ಟು ಮಳೆ?"

"ಇಲ್ಲ. ಡಿಸೆಂಬರ್ ಹನ್ನೊಂದರಿಂದ ಇಲ್ಲ."

"ಹಂಗಾದ್ರೆ ಇದೆಂತದು?" ತಂಗಮ್ಮ ಸ್ಟಿಯರಿಂಗ್ ಬಿಟ್ಟು ಕೈ ಚಾಚಿದರು.

ಗೇಟಿನ ಪಕ್ಕದ ಒಂದು ಕಾಫಿ ಗಿಡ ಬೆಳ್ಳಗೆ ಅರಳಿ ನಿಂತಿತ್ತು. ಸುತ್ತಲಿನ ಗಿಡಗಳೆಲ್ಲ ಬಿಸಿಲಿಗೆ ಎಲೆ ಜೋಲುಬಿಟ್ಟುಕೊಂಡು ಧೂಳು ಹೊದ್ದಿದ್ದವು. ಇದೊಂದು ಮಾತ್ರ ಮದುವೆಗೆ ಹೊರಟಂತಿತ್ತು. ಮಲ್ಲಿಗೆಯಂಥ ವಾಸನೆ ಬೇರೆ.

ಕಾಫಿ ಗಿಡ ತನ್ನಷ್ಟಕ್ಕೆ ತಾನು ಅರಳುವುದಿಲ್ಲ. ಮೊಗ್ಗು ಕಟ್ಟಿಕೊಂಡು ಬೇಸಿಗೆಯುದ್ದಕ್ಕೂ ಕಾಯುತ್ತದೆ. ಮೊದಲ ಮಳೆ ಬಿದ್ದ ಒಂಬತ್ತನೆಯ ದಿನಕ್ಕೆ ಗುಡ್ಡವೆಲ್ಲ ಒಟ್ಟಿಗೆ ಬಿಳಿಯಾಗುತ್ತದೆ. ಮಳೆಯ ಬದಲು ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆದರೂ ಅದೇ ಒಂಬತ್ತು ದಿನ. ಹೂವು ಕಂಡರೆ ಹಿಂದಕ್ಕೆ ಒಂಬತ್ತು ಎಣಿಸುವುದು ಅಲ್ಲಿಯವರಿಗೆ ಉಸಿರಾಡಿದಷ್ಟು ಸಲೀಸು. ಹಾಗೆ ಎಣಿಸಿದಾಗ ಮಳೆ ಸಿಗದಿದ್ದರೆ ಪಂಪ್ ಸಿಗಲೇಬೇಕು.

"ಭಾವ, ಬೇಜಾರು ಮಾಡ್ಕೋಬೇಡಿ," ಅಂದ ವೀರೇಂದ್ರ. "ಕೆಳಗಿನ ನರ್ಸರಿಗೆ ನೀರು ಹೊಡೆದಿದ್ದೀರಿ. ಪೈಪು ಹೋಗೋದು ಇಲ್ಲೇ. ಈ ಗಿಡದ ಬುಡದಲ್ಲಿ ಜಾಯಿಂಟ್ ಸೋರಿದೆ. ನಂದೂ ಸೋರ್ತದೆ. ಅದ್ರಲ್ಲಿ ನಾಚ್ಕೊಳೋದು ಎಂತದು?"

"ಪೈಪು ಗೋಡೌನಲ್ಲಿದೆ."

"ಈಗ ಗೋಡೌನಲ್ಲಿದೆ."

"ನನ್ನ ಕೆರೆ ಒಂದು ಗೇಣು ಇಳಿದಿದೆ," ಅಂದರು ತಂಗಮ್ಮ.

ಜಯದೇವಪ್ಪ ಒಳಗೆ ಹೋಗಿ ಪುಸ್ತಕ ತಂದರು. ನಲವತ್ತು ವರ್ಷಗಳಲ್ಲಿ ಆ ಪುಸ್ತಕ ಹೊರಗೆ ಬಂದ ಮೇಲೆ ಮಾತು ಮುಂದುವರಿದದ್ದೇ ಇರಲಿಲ್ಲ. ತಂಗಮ್ಮ ಅದನ್ನು ಮುಟ್ಟಲಿಲ್ಲ.

"ಪುಸ್ತಕ ನಿಮ್ದು, ಅಕ್ಷರಾನೂ ನಿಮ್ದು. ಅದ್ರಲ್ಲಿ ನಾನು ನೋಡೋದೇನು?"

ಜೀಪು ಹೋದ ಮೇಲೂ ಜಯದೇವಪ್ಪ ಪುಸ್ತಕ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಸರದಿ ಹೋಗುವುದು ಅವರಿಗೆ ದೊಡ್ಡದಾಗಿರಲಿಲ್ಲ. ಮಾರ್ಚಿನಲ್ಲಿ ಮಳೆ ಬಂದೇ ಬರುತ್ತದೆ. ಆದರೆ ಜನವರಿ ಇಪ್ಪತ್ತೆಂಟರ "ಇಲ್ಲ" ಸುಳ್ಳಾದರೆ 1958ರಿಂದ ಬರೆದದ್ದೆಲ್ಲ ಸುಳ್ಳಾಗುತ್ತಿತ್ತು. ತಿಮ್ಮಪ್ಪನ ಮಗಳಿಗೆ ಹುಟ್ಟುಹಬ್ಬವೇ ಇಲ್ಲದಂತಾಗುತ್ತಿತ್ತು.

"ಆ ಗಿಡಕ್ಕೆ ಯಾರು ನೀರು ಹಾಕಿದ್ರು?" ಅಂತ ಅವರು ಒಳಗೆ ಬಂದು ಗುಡುಗಿದರು.

ಶಾಂತಕುಮಾರಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಯಾರೂ ಹಾಕಿಲ್ಲ. ಅದು ಯಾವಾಗ್ಲೂ ಹಂಗೇ."

"ಯಾವಾಗ್ಲೂ ಹಂಗೇ ಅಂದ್ರೆ?"

"ಯಾವಾಗ್ಲೂ ಹೂವಿರ್ತದೆ. ದೀಪಾವಳಿಗೂ ಅದರದ್ದೇ ಇಟ್ಟಿದ್ದೆ ದೇವರಿಗೆ. ಗೌರಿ ಹಬ್ಬಕ್ಕೂ. ಮಲ್ಲಿಗೆ ಅಂದ್ಕೊಂಡು ನೀವೇ ಕಣ್ಣಿಗೊತ್ಕೊಂಡ್ರಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳೋದು ಮಳೆ ವಿಚಾರ. ಹೂವಿನ ವಿಚಾರ ಯಾವತ್ತು ಕೇಳಿದ್ರಿ?"

ಜಯದೇವಪ್ಪ ಒಂದು ಸ್ಟೂಲು, ಕನ್ನಡಕ, ಪೆನ್ಸಿಲು ತೆಗೆದುಕೊಂಡು ಗೇಟಿಗೆ ಹೋದರು. ಸತ್ತ ಗಿಡದ ಜಾಗದಲ್ಲಿ ನಾಲ್ಕು ವರ್ಷದ ಹಿಂದೆ ನೆಟ್ಟ ಗಿಡ ಅದು. ಸೆವೆನ್ ನೈಂಟಿ ಫೈವ್ ಅನ್ನುವ ಅರೇಬಿಕ ತಳಿ, ತಮ್ಮದೇ ತೋಟದ ಬೀಜ. ಒಂದು ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ಕೈಯಲ್ಲಿ ಹಿಡಿದು ತುದಿಯಿಂದ ಬುಡದವರೆಗೆ ನೋಡಿದರು. ಅರಳಿದ ಹೂವು. ಪಕ್ಕದಲ್ಲೇ ಇನ್ನೂ ಅರಳದ ಮೊಗ್ಗು. ಅದರ ಹಿಂದೆ ಗುಂಡುಸೂಜಿ ತಲೆಯಷ್ಟು ಕಾಯಿ, ಮೆಣಸಿನಷ್ಟು ಕಾಯಿ, ಕಡಲೆಯಷ್ಟು ಕಾಯಿ, ಹಳದಿಗೆ ತಿರುಗಿದ್ದು, ಕೆಂಪು ಹಣ್ಣು. ವರ್ಷವಿಡೀ ಬೇರೆ ಬೇರೆ ತಿಂಗಳಲ್ಲಿ ಆಗಬೇಕಾದ ಕೆಲಸವನ್ನೆಲ್ಲ ಆ ಗಿಡ ಒಂದೇ ರೆಕ್ಕೆಯ ಮೇಲೆ ಹರವಿಕೊಂಡು ಕೂತಿತ್ತು.

ಮನಸ್ಸು ಹಗುರವಾಯಿತು. ಸಾಕ್ಷಿ ಸಿಕ್ಕಿತ್ತು. ಎಲ್ಲವನ್ನೂ ಎಣಿಸಿ ಮಳೆ ಪುಸ್ತಕದಲ್ಲೇ ಬರೆದಿಟ್ಟರು.

ಕೂಡಲೇ ಫೋನ್ ಮಾಡಿದಾಗ ತಂಗಮ್ಮ ಒಪ್ಪಲಿಲ್ಲ. "ಹಿಂದೆ ಬಿಟ್ಟ ಕಾಯಿ ನಂಗೆ ಬೇಡ. ಮುಂದೆ ಅರಳೋದು ತೋರಿಸಿ. ಇಪ್ಪತ್ತನೇ ತಾರೀಕು ಐದು ಜನ ಬರ್ತೀವಿ. ಅಷ್ಟರಲ್ಲಿ ಮಳೆ ಬರದೆ ಹೊಸ ಹೂವಾಗಿದ್ರೆ ಮಾತು ವಾಪಸ್ ತಗೋತೀನಿ."

ವೀರೇಂದ್ರ ಮಾತ್ರ ಎಂಟನೇ ತಾರೀಕು, ಭಾನುವಾರ, ಒಬ್ಬನೇ ಬಂದ. ಗಿಡದ ಸುತ್ತ ಎರಡು ಸುತ್ತು ಹಾಕಿದ. ಜಯದೇವಪ್ಪ ಒಂದೊಂದು ಕಾಯಿಯನ್ನೂ ತೋರಿಸಿ ವಿವರಿಸಿದರು. ಮಳೆಯನ್ನೇ ಕಾಯದ ಗಿಡ ಇದು, ನೀರಿಗೂ ಇದರ ಹೂವಿಗೂ ಸಂಬಂಧವೇ ಇಲ್ಲ ಅಂದರು.

"ಕಥೆ ಹೇಳ್ಬೇಡಿ ಭಾವ," ಅಂದ ವೀರೇಂದ್ರ.

ಜಯದೇವಪ್ಪನವರಿಗೆ ರೇಗಿತು. ದೀಪಾವಳಿ ಸಂಗತಿಯನ್ನು ಅಕ್ಕನ ಬಾಯಲ್ಲೇ ಕೇಳು ಅಂತ ಹೆಂಡತಿಯನ್ನು ಕರೆಯಲು ಒಳಗೆ ಹೋದರು. ಹಿತ್ತಲಲ್ಲಿದ್ದ ಶಾಂತಕುಮಾರಿಯನ್ನು ಹುಡುಕಿ ಕರೆತರುವಷ್ಟರಲ್ಲಿ ವೀರೇಂದ್ರ ಸ್ಕೂಟರ್ ಹತ್ತಿಯಾಗಿತ್ತು. "ಕೆಲಸ ಇದೆ ಅಕ್ಕಾ!" ಅಂತ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಹೊರಟ. ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿತ್ತು.

ಸಂಜೆ ಮತ್ತೆ ಎಣಿಸಿದಾಗ ಕೆಂಪು ಹಣ್ಣು ಕಡಿಮೆಯಾಗಿತ್ತು. ಜಯದೇವಪ್ಪ ಬರೆದರು: "8-2-1998. ಮಳೆ ಇಲ್ಲ. ಹಣ್ಣು ಬೆಳಿಗ್ಗೆ 61, ಸಂಜೆ 38. ಕಡಿಮೆ 23. ಕೋತಿ?"

ಹದಿನಾರನೇ ತಾರೀಕು ಕಾಫಿ ಬೋರ್ಡಿನ ಆಫೀಸರು ಬಂದರು. ಅರುಣ್ ಅಂತ ಹೆಸರು, ಮೂವತ್ತರ ಆಸುಪಾಸು, ಕುತ್ತಿಗೆಗೆ ಭೂತಗನ್ನಡಿ. ಜಯದೇವಪ್ಪನವರೇ ಹೇಳಿ ಕಳಿಸಿದ್ದರು. ಗಿಡ ನೋಡಿದ ಕೂಡಲೇ ಅವರ ಮುಖ ಅರಳಿತು.

"ಸಾರ್, ಇದು ಮ್ಯುಟೇಶನ್. ಬ್ರೆಜಿಲಿನಲ್ಲಿ ಅರವತ್ತು ವರ್ಷದ ಹಿಂದೇನೇ ಇಂಥ ಗಿಡ ಸಿಕ್ಕಿದೆ. ಸೆಂಪರ್‌ಫ್ಲೋರೆನ್ಸ್ ಅಂತಾರೆ. ಯಾವಾಗಲೂ ಹೂ ಬಿಡೋದು ಅಂತ ಅರ್ಥ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡ್ತಿರೋದು ಇವತ್ತೇ."

"ನೀರು ಹಾಕದೆ?"

"ನೀರಿನ ಮಾತೇ ಅಲ್ಲ. ಮೊಗ್ಗು ಕಟ್ಟಿ ಸುಮ್ಮನಿರಬೇಕು, ಮಳೆ ಬಂದಾಗ ಏಳಬೇಕು ಅನ್ನೋ ಅಪ್ಪಣೆ ಪ್ರತಿ ಗಿಡದ ಜೀನ್‌ನಲ್ಲೂ ಬರೆದಿರ್ತದೆ. ತಲೆಮಾರಿಂದ ತಲೆಮಾರಿಗೆ ಅದರ ನಕಲು ಇಳಿದು ಬರ್ತದೆ. ನಕಲು ಮಾಡೋವಾಗ ಯಾವತ್ತೋ ಒಂದು ಕಡೆ ತಪ್ಪಾಗಿದೆ. ಇದಕ್ಕೆ ಕಾಯೋದು ಗೊತ್ತಿಲ್ಲ."

"ಯಾರೂ ತಾಳೆ ನೋಡ್ಲಿಲ್ವಾ?" ಜಯದೇವಪ್ಪನವರಿಗೆ ನಿಜಕ್ಕೂ ಸಂಕಟವಾಯಿತು.

"ತಾಳೆ ನೋಡೋ ಏರ್ಪಾಡೂ ಜೀವಕೋಶದಲ್ಲೇ ಇದೆ ಸಾರ್. ಅದರ ಕಣ್ಣೂ ತಪ್ಪಿಸಿ ಒಂದೊಂದು ಉಳಿದುಬಿಡ್ತದೆ. ಇದಕ್ಕಿಂತ ವಿಚಿತ್ರ ಇದಾವೆ. ಒಂದು ಬಗೇಲಿ ಹೂವಿನ ಬುಡದ ಹಸಿರು ಬಟ್ಟಲೇ ಬಿಳಿ ಎಸಳಾಗಿ, ಹೂವಿನೊಳಗೆ ಹೂವು ಇಟ್ಟಂಗೆ ಕಾಣ್ತದೆ. ಇನ್ನೊಂದರಲ್ಲಿ ಎರಡು ಬೀಜ ಇರಬೇಕಾದ ಹಣ್ಣಲ್ಲಿ ಐದಾರು ಬೀಜ."

"ಇದರ ಬೀಜ ಹಾಕಿದ್ರೆ?"

"ಅರೇಬಿಕ ತನ್ನ ಪರಾಗ ತಾನೇ ತಗೊಳ್ಳೋ ಗಿಡ. ನೂರಕ್ಕೆ ತೊಂಬತ್ತು ಇದರ ಹಂಗೇ ಆಗ್ತವೆ. ಎಲ್ಲೋ ಕೆಲವಕ್ಕೆ ಜೇನು ಬೇರೆ ಗಿಡದ ಪರಾಗ ತಂದಿರ್ತದೆ. ಅವು ಸಾದಾ ಗಿಡದಂಗೆ ಇರ್ತವೆ. ಕೆಟ್ಟ ನಕಲು ಎರಡೂ ಕಡೆಯಿಂದ ಬಂದ್ರೇನೇ ಗುಣ ಕಾಣೋದು. ಆದ್ರೆ ಹಾಕಬೇಡಿ ಸಾರ್. ದಿನಕ್ಕೊಂದು ಹಿಡಿ ಹಣ್ಣಾಗ್ತದೆ. ಅದನ್ನ ಕೊಯ್ಯೋಕೆ ದಿನಾ ಆಳು ಕಳಿಸ್ತೀರಾ?"

ಜಯದೇವಪ್ಪ ಕಾಗದ ಪೆನ್ನು ಮುಂದಿಟ್ಟರು. "ಇಷ್ಟನ್ನೂ ಬರೆದು ಸಹಿ ಹಾಕಿಕೊಡಿ."

"ಒಂದೇ ಸಲ ನೋಡಿ ಬರೆದುಕೊಡೋಕಾಗಲ್ಲ. ಒಂದು ವರ್ಷವಾದ್ರೂ ಗಮನಿಸಬೇಕು." ಜಯದೇವಪ್ಪನವರಿಗೆ ಇದು ಎಷ್ಟು ನ್ಯಾಯವಾಗಿ ಕಂಡಿತೆಂದರೆ ಎದುರಾಡಲು ಬಾಯೇ ಬರಲಿಲ್ಲ. ಅಷ್ಟರಲ್ಲಿ ಅರುಣ್ ಒಂದು ಹಣ್ಣನ್ನು ಭೂತಗನ್ನಡಿಯ ಕೆಳಗೆ ಹಿಡಿದಿದ್ದರು. "ಇದನ್ನ ಬೇಕಾದ್ರೆ ಈಗ್ಲೇ ಬರೆದುಕೊಡ್ತೀನಿ. ಬೋರರ್."

ಬೋರರ್ ಅಂದರೆ ಎಳ್ಳಿಗಿಂತ ಚಿಕ್ಕ ಕಪ್ಪು ದುಂಬಿ. ಕಾಯಿಯ ಹೊಕ್ಕುಳಲ್ಲಿ ತೂತು ಕೊರೆದು ಒಳಗೆ ಹೋಗಿ ಬೀಜದಲ್ಲೇ ಸಂಸಾರ ಹೂಡುತ್ತದೆ. ಜಿಲ್ಲೆಗೆ ಬಂದು ಹೆಚ್ಚು ವರ್ಷವಾಗಿರಲಿಲ್ಲ. ಅದನ್ನು ಹತೋಟಿಗೆ ತರುವ ದಾರಿಯೆಂದರೆ ಕೊಯ್ಲಾದ ಮೇಲೆ ಗಿಡದಲ್ಲಾಗಲಿ ನೆಲದಲ್ಲಾಗಲಿ ಒಂದು ಕಾಯಿಯನ್ನೂ ಉಳಿಸದಿರುವುದು. ಕಾಯಿಯಿಲ್ಲದ ತಿಂಗಳುಗಳಲ್ಲಿ ದುಂಬಿಗೆ ಮನೆ ಸಿಗುವುದಿಲ್ಲ. ಆದರೆ ಕಾಯಿಯಿಲ್ಲದ ತಿಂಗಳೇ ಇಲ್ಲದ ಗಿಡವೊಂದು ಸಿಕ್ಕರೆ ಅದಕ್ಕಿಂತ ಒಳ್ಳೆ ಛತ್ರ ಬೇರೆ ಬೇಕೆ? ಒಂದು ಕಾಯಿಯನ್ನೂ ಒಂದು ದಿನವೂ ಉಳಿಸಬಾರದು ಅಂತ ಮೂಡಿಗೆರೆಯ ಬೆಳೆಗಾರರ ಸಭೆಯಲ್ಲಿ ಎದ್ದುನಿಂತು ಭಾಷಣ ಮಾಡಿದ್ದವರು ಜಯದೇವಪ್ಪನವರೇ.

"ನಾಲ್ಕು ದಿನ ಬಿಡಬಹುದಾ? ಇಪ್ಪತ್ತನೇ ತಾರೀಕಿನವರೆಗೆ?"

"ಬಿಡೋದು ಬಿಡದೇ ಇರೋದು ನಿಮಗೆ ಸೇರಿದ್ದು ಸಾರ್. ದುಂಬಿ ಹಾರ್ತದೆ, ಅಷ್ಟೇ."

ಗೇಟಿನಿಂದ ಹಾರಿದ ದುಂಬಿ ಮೊದಲು ಇಳಿಯುವುದು ರಸ್ತೆಯಾಚೆ ವೀರೇಂದ್ರನ ತೋಟಕ್ಕೆ. ಜಯದೇವಪ್ಪ ಸ್ವಲ್ಪ ಹೊತ್ತು ರಸ್ತೆಯಾಚೆಯೇ ನೋಡುತ್ತಾ ನಿಂತರು. ಆಮೇಲೆ ತಿಮ್ಮಪ್ಪನನ್ನು ಕೂಗಿದರು.

ಕಾಯಿ ಮಾತ್ರ ಕಿತ್ತು ಮೊಗ್ಗು ಉಳಿಸಬೇಕು ಅನ್ನುವುದು ಅವರ ಯೋಜನೆ. ಆದರೆ ಆ ಗಿಡದಲ್ಲಿ ಮೊಗ್ಗು, ಹೂವು, ಪಿಂದೆ, ಕಾಯಿ ಎಲ್ಲ ಒಂದೇ ಗಂಟಿನಲ್ಲಿ ಸಂತೆಯಂತೆ ಒತ್ತಿಕೊಂಡಿದ್ದವು. ಒಂದನ್ನು ಎಳೆದರೆ ನಾಲ್ಕು ಬರುತ್ತಿದ್ದವು.

"ಅಯ್ಯಾ, ಹೂವು ಬಿಟ್ಟು ಕಾಯಿ ಮಾತ್ರ ಬಿಡಿಸೋಕೆ ನಾನೇನು ಅಕ್ಕಸಾಲಿಗನಾ?" ಅಂದ ತಿಮ್ಮಪ್ಪ. ಸೂರ್ಯ ಮುಳುಗುವ ಹೊತ್ತಿಗೆ ಗಿಡ ಬೋಳಾಗಿತ್ತು. ಕಿತ್ತದ್ದನ್ನೆಲ್ಲ ಬಚ್ಚಲ ಹಂಡೆಯ ಕುದಿಯುವ ನೀರಿಗೆ ಹಾಕಿದರು. ಶಾಂತಕುಮಾರಿ ಆ ಹಂಡೆಯನ್ನು ಮೂರು ಸಲ ಹುಣಸೆಹಣ್ಣು ಹಾಕಿ ತಿಕ್ಕಿದರು. ಮೂರು ಸಲವೂ ಗಂಡನ ಹೆಸರು ಹೇಳಿಕೊಂಡು ತಿಕ್ಕಿದರು.

ಇಪ್ಪತ್ತನೇ ತಾರೀಕು ತಂಗಮ್ಮನವರ ಜೀಪು ಐದು ಜನರನ್ನು ಹೊತ್ತು ಬಂತು.

"ಅರಳಿದ್ದು ತೋರಿಸಿ ಅಂದಿದ್ದೆ," ಅಂದರು ತಂಗಮ್ಮ. "ಬೋಳಿಸಿದ್ದು ತೋರಿಸ್ತಿದ್ದೀರಿ."

ಜಯದೇವಪ್ಪ ಅರುಣ್ ಬರೆದುಕೊಟ್ಟ ಚೀಟಿ ಕೊಟ್ಟರು. ವೀರೇಂದ್ರ ಅದನ್ನು ಗಟ್ಟಿಯಾಗಿ ಓದಿದ. "ಗೇಟಿನ ಪಕ್ಕದ ಒಂದು ಗಿಡದ ಹಣ್ಣಿನಲ್ಲಿ ಕಾಯಿಕೊರಕ ಕಂಡುಬಂದಿರುತ್ತದೆ. ಭಾವ, ಇದು ಬೋರರಿಗೆ ಕೊಟ್ಟ ಸರ್ಟಿಫಿಕೇಟು. ನಿಮಗಲ್ಲ."

"ಆಫೀಸರಿಗೆ ತಿಂಡಿ ಎಂತ ಮಾಡಿದ್ದೆ ಶಾಂತಕುಮಾರಿ?" ಅಂತ ತಂಗಮ್ಮ ಕೇಳಿದರು.

"ಕಡುಬು, ಕಾಯಿ ಚಟ್ನಿ."

"ಕಡುಬು ತಿಂದೂ ಇಷ್ಟೇ ಬರೆದಿದ್ದಾರೆ ಅಂದ್ಮೇಲೆ ಮುಗೀತಲ್ಲ."

ಆ ವರ್ಷದ ನೀರಿನ ಸರದಿಯನ್ನು ಜಯದೇವಪ್ಪ ತಾವೇ ಬರೆದ ಕರಾರಿನ ಪ್ರಕಾರ ತಾವೇ ಬಿಟ್ಟುಕೊಟ್ಟರು. ಮಾರ್ಚ್ 22ಕ್ಕೆ ಮಳೆ ಬಂತು, ಒಂದಿಂಚು ಹತ್ತು ಸೆಂಟು. 31ಕ್ಕೆ ಗುಡ್ಡವೆಲ್ಲ ಬಿಳಿಯಾಯಿತು. ಗೇಟಿನ ಗಿಡವೂ ಮತ್ತೆ ಅರಳಿತು. ಆದರೆ ಮದುವೆ ಮನೆಯಲ್ಲಿ ಬಿಳಿ ಪಂಚೆ ಉಟ್ಟವನನ್ನು ಯಾರು ಗುರುತಿಸುತ್ತಾರೆ? ಹದಿನೈದು ದಿನಕ್ಕೊಮ್ಮೆ ಕಾಯಿ ಕೀಳುವುದು ಸಾಗಿತ್ತು. ಮೇ ತಿಂಗಳಲ್ಲಿ, ಈ ತೋಟದಲ್ಲಿ ಇರುವುದಾದರೆ ತಾನಿರಬೇಕು ಇಲ್ಲ ಆ ಗಿಡವಿರಬೇಕು ಅಂತ ತಿಮ್ಮಪ್ಪ ಹೇಳಿದ. ಜಯದೇವಪ್ಪ ಗಿಡ ಕೀಳಿಸಿ ಸುಟ್ಟರು. ಸಾಕ್ಷಿಯನ್ನು ಸುಟ್ಟರಂತೆ ಅಂತ ಸುದ್ದಿ ಮಧ್ಯಾಹ್ನದೊಳಗೆ ಸೇತುವೆ ದಾಟಿತು.

ಮುಂದಿನ ನಾಲ್ಕು ವರ್ಷ ಮಳೆ ಬಂದಾಗ ಅವರ ಮನೆಯ ಟೆಲಿಫೋನು ಸುಮ್ಮನಿತ್ತು. ತಂಗಮ್ಮ ಚಿಕ್ಕಮಗಳೂರಿಂದ ಪ್ಲಾಸ್ಟಿಕ್ಕಿನ ಮಳೆ ಡಬ್ಬಿಯೊಂದನ್ನು ತಂದು ಹಲಸಿನ ಮರದ ಅಡಿಯಲ್ಲಿ ಇಟ್ಟುಕೊಂಡರು. ಮಳೆ ನಿಂತು ಎರಡು ಗಂಟೆಯಾದರೂ ಆ ಡಬ್ಬಿಯಲ್ಲಿ ಮಳೆ ಬರುತ್ತಿತ್ತು. ಬೆಳೆಗಾರರ ಸಂಘದ ತಿಂಗಳ ಪತ್ರಿಕೆಯವರು ಆ ಅಂಕಿಯನ್ನೇ ಅಚ್ಚು ಹಾಕಿದರು. ಎಲ್ಲಕ್ಕಿಂತ ಚುಚ್ಚಿದ್ದು ತಿಮ್ಮಪ್ಪನ ಮಗಳ ಮಾತು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಅರ್ಜಿ ತುಂಬುವಾಗ ಅವಳು, "ಅಪ್ಪಾ, ನಂದು ಜುಲೈ ಹತ್ತೊಂಬತ್ತೇ ಅಂತ ಗ್ಯಾರಂಟಿನಾ?" ಅಂದಳಂತೆ. ತಿಮ್ಮಪ್ಪ ಅದನ್ನು ನಗುತ್ತಾ ಹೇಳಿದ. ಜಯದೇವಪ್ಪ ಆ ರಾತ್ರಿ ಊಟ ಬಿಟ್ಟರು. ಆದರೂ ಎಂಟೂವರೆಗೆ ಡಬ್ಬಿಯ ಮುಂದೆ ನಿಲ್ಲುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

2002ರ ಜನವರಿ ಇಪ್ಪತ್ತು, ಭಾನುವಾರ. ಒಂಬತ್ತು ಗಂಟೆಗೆ ವೀರೇಂದ್ರ ಬೆವರು ಒರೆಸಿಕೊಳ್ಳುತ್ತಾ ನಡೆದುಕೊಂಡೇ ಬಂದ. ಜಗಲಿಯ ಅಂಚಿನಲ್ಲಿ, ಬೀಳುವಂತೆ ಕೂತ.

"ಭಾವ, ತೊಂಬತ್ತೆಂಟರ ಪುಸ್ತಕ ಇದೆಯಾ?"

"ಐವತ್ತೆಂಟರದ್ದೂ ಇದೆ."

"ಆ ಗೇಟಿನ ಗಿಡದ ವಿಚಾರ ಅದ್ರಲ್ಲಿ ಬರೆದಿದ್ರಲ್ಲ?"

"ಅದು ಕಥೆ ಅಂತ ನೀನು ಹೇಳಿದ್ದೆ."

ವೀರೇಂದ್ರ ಅಡಿಗೆಮನೆ ಕಡೆ ನೋಡಿದ. ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಅಲ್ಲಿಂದ ಸಹಾಯ ಬರುವಂತೆ ಕಾಣಲಿಲ್ಲ.

"ನನ್ನ ತೋಟದ ಹಿಂದ್ಗಡೆ ಬಂಡೆ ಹತ್ರ ತಂಗಮ್ಮನೋರು ನಿಂತಿದ್ದಾರೆ. ದನ ಹುಡುಕ್ಕೊಂಡು ಬಂದ್ರಂತೆ. ಅಲ್ಲಿ ಮೂವತ್ತಾರು ಗಿಡ ಅರಳಿದೆ. ಒಂಬತ್ತು ದಿನ ಹಿಂದಕ್ಕೆ ಎಣಿಸಿದ್ರು. ಪಂಪ್ ಇಳಿಸಿದ್ದೀಯ, ನಿನ್ನ ಸರದಿ ಹೋಯ್ತು ಅಂತಿದ್ದಾರೆ."

"ಇಳಿಸಿದ್ಯಾ?"

"ದೇವ್ರಾಣೆ ಇಲ್ಲ ಭಾವ."

"ಪೈಪು ಎಲ್ಲಿದೆ?"

"ಗೋಡೌನಲ್ಲಿದೆ."

ಜಯದೇವಪ್ಪ ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ಆತುರವೇನಿರಲಿಲ್ಲ. "ಈಗ ಗೋಡೌನಲ್ಲಿದೆ," ಅಂದರು.

ಶಾಂತಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಜಯದೇವಪ್ಪ ಮುಂದುವರಿಸಿದರು. "ಮೂವತ್ತಾರು ಗಿಡ. ಎಲ್ಲಿಂದ ಬಂತು?"

ವೀರೇಂದ್ರ ಗೇಟಿನ ಕಡೆಗೆ ಕೈ ತೋರಿಸಿದ. "ನೀವು ಅಕ್ಕನ್ನ ಕರೆಯೋಕೆ ಒಳಗೆ ಹೋಗಿದ್ರಲ್ಲ, ಆಗ. ಒಂದು ಹಿಡಿ."

"ಇಪ್ಪತ್ಮೂರು."

"ಎಣಿಸಿಲ್ಲ ಭಾವ."

"ನಾನು ಎಣಿಸಿದ್ದೀನಿ. ನಲವತ್ತಾರು ಬೀಜ. ಎಷ್ಟು ಮೊಳೀತು?"

"ಮೂವತ್ತೊಂಬತ್ತು. ಮೂರು ಗಿಡ ಸಾದಾ ಗಿಡದಂಗೆ ಸುಮ್ನಿದಾವೆ. ಉಳಿದಿದ್ದು ಯಾವಾಗ್ಲೂ..."

"ಜೇನು," ಅಂದರು ಜಯದೇವಪ್ಪ ತಮಗೆ ತಾವೇ. ಆಫೀಸರು ಹೇಳಿದ್ದು ಅಂಕಿಗೆ ಅಂಕಿ ಸರಿಹೋಗಿತ್ತು. ಆಮೇಲೆ ಅವರಿಗೆ ಬೇರೆ ಏನೋ ಹೊಳೆಯಿತು. "ಮಳೆ ಬೇಡದ ಗಿಡ ಅಂತ ನಾನು ಹೇಳಿದ್ದನ್ನ ನೀನು ನಂಬಿದ್ದೆ?"

"ನಂಬದೆ ಕದೀತಿದ್ನಾ ಭಾವ? ಮಳೆ ಕೈಕೊಟ್ಟ ವರ್ಷಾನೂ ಹೂವಾಗ್ತದಲ್ಲ ಅಂದ್ಕೊಂಡೆ."

"ಹನ್ನೆರಡು ದಿನ ಆದ್ಮೇಲೆ ನನ್ನ ಗೇಟಲ್ಲಿ ನಿಂತು ಐದು ಜನರ ಮುಂದೆ..."

"ಕದ್ದ ಮೇಲೆ ನಂಬ್ತೀನಿ ಅಂತ ಹೇಳೋದು ಹೆಂಗೆ?"

ಜಯದೇವಪ್ಪ ಎದ್ದು ಪುಸ್ತಕ ತೆಗೆದುಕೊಂಡರು.

ಬಂಡೆಯ ಹತ್ತಿರ ತಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಜಯದೇವಪ್ಪ ಅವರಿಗೆ ಪುಸ್ತಕ ಕೊಡಲಿಲ್ಲ. ಮೊದಲು ಒಂದು ಗಿಡದ ರೆಕ್ಕೆಯನ್ನು ಬಗ್ಗಿಸಿ ಕೈಗೆ ಕೊಟ್ಟರು. ತಂಗಮ್ಮ ಹೂವು ನೋಡಿದರು. ಹಿಂದಿನ ಪಿಂದೆ ನೋಡಿದರು. ಎಳೆಕಾಯಿ, ಬಲಿತ ಕಾಯಿ, ಹಣ್ಣು. ಇನ್ನೊಂದು ಗಿಡ ನೋಡಿದರು. ಮೂರನೆಯದನ್ನೂ ನೋಡಿದರು. ನಲವತ್ತು ವರ್ಷ ತೋಟ ಮಾಡಿದ ಕೈ ಅದು. ಎಷ್ಟು ಗಾತ್ರದ ಕಾಯಿಗೆ ಎಷ್ಟು ತಿಂಗಳು ಅಂತ ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ.

"ತಿಂಗಳು ತಿಂಗಳೂ ಪಂಪ್ ಇಳಿಸಿದ್ರೂ ಹಿಂಗಾಗಲ್ಲ," ಅಂದರು ಕೊನೆಗೆ. ಗಂಟಲು ಎಂದಿನಷ್ಟು ದೊಡ್ಡದಿರಲಿಲ್ಲ. "ಇದೇನಾ ಆ ಗಿಡ?"

"ಅದರ ಮಕ್ಕಳು." ಜಯದೇವಪ್ಪ ಪುಸ್ತಕ ಬಿಡಿಸಿ 1998ರ ಫೆಬ್ರವರಿ ಎಂಟನ್ನು ಓದಿದರು. ಹಣ್ಣು ಬೆಳಿಗ್ಗೆ 61, ಸಂಜೆ 38, ಕಡಿಮೆ 23.

"ಮುಂದೆ ಎಂತದೋ ಬರೆದಿದೆಯಲ್ಲ?"

"ಕೋತಿ. ಪ್ರಶ್ನಾರ್ಥಕ ಚಿಹ್ನೆ."

ತಂಗಮ್ಮ ವೀರೇಂದ್ರನನ್ನು ಮೇಲಿಂದ ಕೆಳಗೆ ನೋಡಿದರು. ವೀರೇಂದ್ರ ಬಂಡೆಯನ್ನು ನೋಡಿದ. ಆಯ್ಕೆ ಎರಡೇ ಇದ್ದವು. ನೀರಿನ ಕಳ್ಳನಾದರೆ ಸರದಿ ಹೋಗುತ್ತದೆ. ಹಣ್ಣಿನ ಕಳ್ಳನಾದರೆ ಉಳಿಯುತ್ತದೆ.

"ನಾನೇ," ಅಂದ.

"ಹಂಗಾದ್ರೆ ತೊಂಬತ್ತೆಂಟರಲ್ಲಿ ನೀವು ಹೇಳಿದ್ದು ನಿಜ," ಅಂದರು ತಂಗಮ್ಮ ಜಯದೇವಪ್ಪನವರ ಕಡೆ ತಿರುಗಿ. "ನನ್ನ ಮಾತು ವಾಪಸ್ ತಗೊಂಡೆ ಮಾರಾಯ್ರೆ. ಐದು ಜನರ ಮುಂದೆ ಅಂದಿದ್ದೆ, ಐದು ಜನಕ್ಕೂ ನಾನೇ ಹೇಳ್ತೀನಿ. ಆ ಪ್ಲಾಸ್ಟಿಕ್ ಡಬ್ಬೀನ ಕೋಳಿಗೆ ನೀರಿಡೋಕೆ ಇಟ್ಕೋತೀನಿ."

ಜಯದೇವಪ್ಪ ಅಷ್ಟು ಹೊತ್ತಿಗೆ ಒಂದು ಹಣ್ಣು ಕಿತ್ತು ಬಿಸಿಲಿಗೆ ಹಿಡಿದಿದ್ದರು. ಹೊಕ್ಕುಳಲ್ಲಿ ಸೂಜಿಮೊನೆಯಷ್ಟು ತೂತಿತ್ತು.

"ವೀರೇಂದ್ರ, ನಿಮ್ಮನೇಲಿ ಹಂಡೆ ಇದೆಯಾ?"

"ಇದೆ. ಯಾಕೆ ಭಾವ?"

"ದೊಡ್ಡದೇ ಬೇಕಾಗ್ತದೆ. ಮೂವತ್ತಾರು ಗಿಡ. ಹದಿನೈದು ದಿನಕ್ಕೊಂದು ಸಲ. ಕೀಳೋವಾಗ ತಿಮ್ಮಪ್ಪನ್ನ ಕರೀಬೇಡ, ಅವನು ಬರಲ್ಲ."

ಮರುದಿನ ಬೆಳಿಗ್ಗೆ ಎಂಟೂವರೆಗೆ ಜಯದೇವಪ್ಪ ಡಬ್ಬಿ ನೋಡಿ ಒಳಗೆ ಬರುವಾಗ ಟೆಲಿಫೋನು ಬಡಿದುಕೊಳ್ಳುತ್ತಿತ್ತು. ಮಳೆ ಬಂದಿರಲಿಲ್ಲ, ಬರುವ ಕಾಲವೂ ಅಲ್ಲ. ಆದರೂ ತಂಗಮ್ಮ ಕೇಳುತ್ತಿದ್ದರು. "ಎಷ್ಟು ಸೆಂಟು ಜಯದೇವಪ್ಪನೋರೆ?"

"ಇಲ್ಲ," ಅಂದರು ಜಯದೇವಪ್ಪ. ಆ ಮಾತನ್ನು ಅಷ್ಟು ಸಂತೋಷದಿಂದ ಅವರು ಹಿಂದೆಂದೂ ಹೇಳಿರಲಿಲ್ಲ.

"ಆ ಕೋತಿ ಅಂತ ಬರೆದಿದ್ರಲ್ಲ, ಅದನ್ನ ಹೊಡೆದು ಸರಿಮಾಡಿ," ಅಂದರು ತಂಗಮ್ಮ.

"ಬರೆದದ್ದನ್ನ ಹೊಡೆಯೋ ಪದ್ಧತಿ ಇಲ್ಲ."

ಫೋನಿಟ್ಟು ಅವರು ಆವತ್ತಿನ ಪುಟ ತೆರೆದರು. ಸ್ವಲ್ಪ ಯೋಚಿಸಿ, ಸಣ್ಣ ಅಕ್ಷರದಲ್ಲಿ, ಗೆರೆ ಮೀರದಂತೆ ಬರೆದರು:

"21-1-2002. ಮಳೆ ಇಲ್ಲ. 8-2-1998ರ ನಮೂದಿಗೆ ತಿದ್ದುಪಡಿ: ಕೋತಿಯಲ್ಲ, ವೀರೇಂದ್ರ."